ಪುಟ ಅರವತ್ತೊಂದು

ಸೊಸೈಟಿಯ ಸೆಕ್ರೆಟರಿ ಎಂದರೆ
ಟ್ಯಾಂಕರಿಗೆ ಫೋನು ಮಾಡುವವನು, ಬೈಸಿಕೊಳ್ಳುವವನು,
ಮತ್ತೆ, ಯಾರು ಏನೆಂದರೆಂದು ಬರೆದಿಡುವವನು.
ನಮ್ಮದು ಕಲಿನಾದಲ್ಲಿ, ಮೂವತ್ತೆರಡು ಮನೆ.
ಹೆಸರು ಸ್ನೇಹಸಾಗರ. ಇಟ್ಟವನು ನಾನಲ್ಲ.

ನಿನ್ನೆ ರಾತ್ರಿ ಟೆರೇಸಿನಲ್ಲಿ ಸಭೆ.
ಮೀಠಿ ನದಿಯ ವಾಸನೆ ಎಂದಿನಂತೆ
ನೋಟೀಸಿಲ್ಲದೆ ಬಂದು ಮುಂದಿನ ಸಾಲಿನಲ್ಲಿ ಕೂತಿತ್ತು.
ವಿಷಯ ಒಂದೇ:
ಕರೆಂಟಿನ ಮೀಟರುಗಳನ್ನು ನೆಲಮಹಡಿಯಿಂದ ಮೇಲಕ್ಕೇರಿಸುವುದು,
ಮನೆಗೆ ಹನ್ನೊಂದು ಸಾವಿರ.

ಇಪ್ಪತ್ತೆಂಟು ಕೈ ಎದ್ದವು.
ನಾನು ಎಣಿಸಿ ಮುಗಿಸುವ ಮೊದಲೇ ಖೋತ್ ಎದ್ದು ನಿಂತರು:
"ಇದನ್ನೇ ನಾನು ಮೊದಲಿನಿಂದ ಹೇಳುತ್ತ ಬಂದದ್ದು."
"ನಾನೂ," ಎಂದರು ಝವೇರಿ.
ಸಾಲಿಯಾನರ ಬಾಯಲ್ಲಿ ಎಲೆಯಡಿಕೆ; ತಲೆಯಾಡಿಸಿದರು.

ಯಾರೂ ಸುಳ್ಳು ಹೇಳಲಿಲ್ಲ. ಅದೇ ಸೋಜಿಗ.
ಸುಳ್ಳು ಹೇಳುವವರ ಮುಖ ನನಗೆ ಗೊತ್ತು,
ಮೇಂಟೆನೆನ್ಸ್ ಬಾಕಿ ಕೇಳುವಾಗ ತಿಂಗಳಿಗೊಮ್ಮೆ ನೋಡುತ್ತೇನೆ.
ಇದು ಬೇರೆ. ಹಳೆಯ ಸೀರೆಗೆ ಹೊಸ ಅಂಚು,
ಹೊಲಿಗೆ ಒಳಗಡೆ.

ಮನೆಗೆ ಬಂದು ಹಳೆಯ ಪುಸ್ತಕ ತೆಗೆದೆ.
ಪುಟ ಅರವತ್ತೊಂದು, ಹನ್ನೊಂದು ವರ್ಷದ ಹಿಂದಿನ ಮೇ.
ಸೂಚಿಸಿದವರು: ಹಿಲ್ಡಾ ಗ್ರಾಸಿಯಸ್, ಮನೆ ನಂಬರ್ ಎರಡು.
ರವಿಕೆ ಹೊಲಿಯುತ್ತಿದ್ದರು. ಅಂದು ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದು
ಗೋಡೆಯ ಅಳತೆ ಓದಿದರು, ಗಿರಾಕಿಯದ್ದನ್ನು ಓದುವ ಹಾಗೆ:
ಒಂದು ಮಳೆಗೆ ಒಂಬತ್ತು ಇಂಚು, ಇನ್ನೊಂದಕ್ಕೆ ಹದಿನಾಲ್ಕು,
ಹೋದ ವರ್ಷ ಹತ್ತೊಂಬತ್ತೂವರೆ.

ಖೋತ್: "ಜುಲೈ ಇಪ್ಪತ್ತಾರು ನೂರು ವರ್ಷಕ್ಕೊಮ್ಮೆ.
ನಮ್ಮ ಪಾಲಿನದು ಮುಗಿಯಿತು."
ಝವೇರಿ: "ಇಂಥದ್ದನ್ನು ಜೋರಾಗಿ ಮಾತಾಡಿದರೆ ಫ್ಲಾಟಿನ ರೇಟು ಬೀಳುತ್ತದೆ."
ಪುಸ್ತಕದಲ್ಲಿ ಇಲ್ಲದ್ದು ಒಂದಿದೆ.
ಊರಿಗೆ ಬಂದ ನೀರು ಮನೆಗೆ ಬಾರದಿದ್ದೀತೇ
ಎಂದು ಗಾದೆ ತಿರುಚಿ ನಾನೊಂದು ಜೋಕು ಮಾಡಿದೆ, ಕನ್ನಡದಲ್ಲಿ.
ಸಾಲಿಯಾನ್ ಒಬ್ಬರೇ ನಕ್ಕದ್ದು.
ಜೋಕು ನನಗೆ ಚೆನ್ನಾಗಿ ನೆನಪಿತ್ತು.
ಅದನ್ನು ಹಿಲ್ಡಾರ ಪರ ಹೇಳಿದ್ದೆ ಎಂದೇ ನೆನಪಿತ್ತು.

ಅನುಮೋದಿಸಿದವರು: ಒಂದು ಅಡ್ಡಗೆರೆ.
ಗೆರೆ ನನ್ನದು. ಸ್ಕೇಲಿಟ್ಟು ಎಳೆದದ್ದು.
ಪರ ಒಂದು. ವಿರುದ್ಧ ಇಪ್ಪತ್ತೊಂಬತ್ತು.
ಚಹಾ, ಬಿಸ್ಕತ್ತು: ಮುನ್ನೂರ ನಲವತ್ತು.

ಏನು ಬದಲಾಯಿತು? ಭಾಷಣ ಯಾರೂ ಮಾಡಲಿಲ್ಲ.
ವರದಿಗಳು ಬಂದವು, ಹೋದವು, ಶೇವು ಕಟ್ಟಿಕೊಂಡು ಬಂದವು.
ಎದುರಿನ ಬಿಲ್ಡಿಂಗಿನವರು ಮೀಟರು ಏರಿಸಿದರು, ಅಷ್ಟೇ,
ಎಂದು ಮಧ್ಯಾಹ್ನದವರೆಗೆ ಅಂದುಕೊಂಡಿದ್ದೆ.

ಆಮೇಲೆ ಝವೇರಿಯವರ ಹೆಂಡತಿ ಲಿಫ್ಟಿನಲ್ಲಿ ಹೇಳಿದರು:
ಮಳೆ ಜೋರಾದ ರಾತ್ರಿ ಇವರು ಎದ್ದು ಕಿಟಕಿಗೆ ನಿಲ್ಲುತ್ತಾರೆ,
ಎಷ್ಟೋ ವರ್ಷದಿಂದ, ನನಗೆ ನಿದ್ದೆ ಎಂದುಕೊಂಡು.
ನಾನೂ ನಿಲ್ಲುತ್ತೇನೆ.
ಮೂವತ್ತೆರಡು ಕಿಟಕಿ, ದೀಪ ಹಚ್ಚದೆ,
ಗೇಟಿನ ಹತ್ತಿರ ಕಪ್ಪಗೆ ಹೊಳೆಯುವುದು ನೆಲವೋ ನೀರೋ ಎಂದು.
ಕೆಳಗೆ ನೋಡುವವನಿಗೆ
ಮೇಲಿನ ಕಿಟಕಿ ಕಾಣುವುದಿಲ್ಲ.

ಹಿಲ್ಡಾ ಮನೆ ಮಾರಿ ವಸಾಯಿಗೆ ಹೋದರು.
ನಂಬರು ಇದೆ. ಮಾಡಲಿಲ್ಲ.
ಏನೆನ್ನಲಿ, ಅಭಿನಂದನೆ ಎನ್ನಲೇ?

ಇಂದಿನ ಪುಟದಲ್ಲಿ ಸೂಚಿಸಿದವರು ಖೋತ್ ಎಂದು ಬರೆದೆ, ಆತ ಸೂಚಿಸಿದ್ದು ನಿಜ.
ಅನುಮೋದನೆಯ ಎದುರು ನನ್ನ ಹೆಸರು.
ಟಾರ್ಚು ಹಿಡಿದು ಕೆಳಗಿಳಿದೆ.
ಎರಡನೇ ನಂಬರಿನ ಹೊರಗೋಡೆ, ಮೇಲೆ ಆರೇಳು ದೀಪಾವಳಿಯ ಬಣ್ಣ.
ಅವರ ಪೆನ್ಸಿಲಿನ ಗೆರೆ ಕಣ್ಣಿಗೆ ಸಿಗಲಿಲ್ಲ.
ಬೆರಳಿಗೆ ಸಿಕ್ಕಂತಾಯಿತು, ಮೊಣಕಾಲಿನ ಹತ್ತಿರ.
ಬಿರುಕೂ ಇರಬಹುದು.
ನನ್ನ ಮಾತಿನ ಮೇಲೆ
ನನಗೀಗ ಅಷ್ಟು ಭರವಸೆ ಇಲ್ಲ.